ಓದು ಕಲಿಯುವ ಮಗುವೂ ಇಂಗ್ಲಿಷಿನ ಉಚ್ಚಾರಾಂಶಗಳೂ

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಸಂಜೆ ಎಂಟು ಗಂಟೆಯ ಸುಮಾರಿಗೆ ಕಂಡುಬರುವ ಒಂದು ದೃಶ್ಯ ಬಹುತೇಕ ಎಲ್ಲರಿಗೂ ಪರಿಚಿತವಾದುದೇ ಆಗಿದೆ. ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಬಿಡಿಸಿಕೊಂಡು ಬಂದ ತಂದೆ ಕೈಕಾಲು ತೊಳೆದು ಕುಳಿತಿರುತ್ತಾರೆ. ಎರಡನೆಯ ಇಯತ್ತೆಯ ಮಗು ಇಂಗ್ಲಿಷ್ ವಾಚಕವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದತೊಡಗುತ್ತದೆ. ಮೊದಲನೆಯ ಸಾಲು ಸರಾಗವಾಗಿ ಸಾಗುತ್ತದೆ. ಅದು ತರಗತಿಯಲ್ಲಿ ಹತ್ತಾರು ಸಲ ಕಿವಿಗೆ ಬಿದ್ದು ಬಾಯಿಪಾಠವಾದುದು. ಎರಡನೆಯ ಸಾಲಿನಲ್ಲಿ ‘ಪಿಕ್ನಿಕ್’ ಎಂಬ ಪದ ಎದುರಾಗುತ್ತದೆ. ಮಗು ‘ಪಿ, ಐ, ಸಿ’ ಎಂದು ಅಕ್ಷರಗಳ ಹೆಸರುಗಳನ್ನು ಹೇಳುತ್ತದೆ, ನಿಲ್ಲುತ್ತದೆ, ಪುಟದ ಮೇಲಿರುವ ಚಿತ್ರವನ್ನು ನೋಡುತ್ತದೆ, ಬಳಿಕ ತಂದೆಯ ಮುಖವನ್ನು ನೋಡುತ್ತದೆ, ಕೊನೆಗೆ ‘ಪಾರ್ಕ್’ ಎಂದು ಊಹಿಸಿಬಿಡುತ್ತದೆ. ದಿನದ ದಣಿವೆಲ್ಲ ತಂದೆಯ ಧ್ವನಿಯಲ್ಲಿ ಸೇರಿಕೊಳ್ಳುತ್ತದೆ. ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ, ಪುಸ್ತಕ ಮುಚ್ಚುತ್ತದೆ.

ಇದು ಒಂದು ಸಂಜೆಯ ಮಾತಾಗಿದ್ದರೆ ಚಿಂತಿಸಬೇಕಾದುದಿರಲಿಲ್ಲ. ಆದರೆ ತರಗತಿಯಲ್ಲಿ ನಲವತ್ತು ಐವತ್ತು ಮಕ್ಕಳ ನಡುವೆ ಎದ್ದು ನಿಂತು ಓದಬೇಕಾದಾಗ ತಡವರಿಸುವ ಮಗು ಒಂದೆರಡು ಸಲ ನಗೆಗೀಡಾದರೆ ಸಾಕು, ಓದೆಂದರೆ ಅವಮಾನ ಎಂಬ ಭಾವನೆ ಅದರ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಅಲ್ಲಿಂದ ಮುಂದೆ ಅದು ಹೊಟ್ಟೆನೋವಿನ ನೆಪ ಹೂಡುವುದನ್ನು ಕಲಿಯುತ್ತದೆ. ಇನ್ನೊಂದು ಕಡೆ ತಾಯಿತಂದೆಗಳ ಸಂಕೋಚ ಬೇರೆಯೇ ಬಗೆಯದು. ವಿಜಾಪುರದ ಅಥವಾ ಉಡುಪಿಯ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಎ ಬಿ ಸಿ ಕಾಣದೆ ಬೆಳೆದವರಿಗೆ, ತಮ್ಮ ಉಚ್ಚಾರವೇ ಸರಿಯಿಲ್ಲದಿರುವಾಗ ಮಗುವಿಗೆ ಹೇಳಿಕೊಡುವುದು ಹೇಗೆ ಎಂಬ ಅಳುಕು. ಈ ಅಳುಕಿನ ವೇಳೆಯಲ್ಲಿಯೇ ಶಾಲೆಯಿಂದ ಒಂದು ಸಲಹೆ ಬರುವುದುಂಟು: ‘ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿ.’ ಇದನ್ನು ಪ್ರಾಮಾಣಿಕವಾಗಿ ನಂಬಿ, ತಮಗೆ ಬಾರದ ಭಾಷೆಯಲ್ಲಿ ಮಗುವಿನೊಡನೆ ಹತ್ತು ವಾಕ್ಯಗಳ ಸಂಸಾರ ನಡೆಸುವ ಮನೆಗಳು ಮಹಾನಗರಗಳಲ್ಲಿ ಕಡಿಮೆಯೇನಿಲ್ಲ. ಓದು ಬಾರದೆ ಉಳಿಯುತ್ತದೆ. ಜೊತೆಗೆ ಕನ್ನಡವೂ ಹೋಗುತ್ತದೆ.

ವಾಸ್ತವದಲ್ಲಿ ಕನ್ನಡದ ಅಕ್ಷರಮಾಲೆಯನ್ನು ಕಲಿತ ತಾಯಿತಂದೆಗಳ ಕೈಯಲ್ಲಿ, ಇಂಗ್ಲಿಷ್ ಓದು ಕಲಿಸಲು ತಕ್ಕುದಾದ ಒಂದು ಸಾಧನವಿದೆ. ಅದು ಉಚ್ಚಾರಾಂಶದ ಅರಿವು. ಇಂಗ್ಲಿಷರು ಸಿಲಬಲ್ ಎಂದು ಕರೆಯುವ ಈ ಉಚ್ಚಾರಾಂಶವೆಂದರೆ, ಒಂದೇ ನೂಕಿಗೆ ಬಾಯಿಂದ ಹೊರಡುವ, ಒಂದು ಸ್ವರವನ್ನು ನಡುವಿರಿಸಿಕೊಂಡ ನಾದದ ತುಣುಕು. ‘ಕ’ ಒಂದು ತುಣುಕು, ‘ಕಮಲ’ ಮೂರು. ಈ ಲೆಕ್ಕ ಕನ್ನಡ ಬಲ್ಲವರಿಗೆ ಬೆರಳ ತುದಿಯಲ್ಲಿದೆ.

ಇಂಗ್ಲಿಷ್ ಓದು ಮಗುವಿಗೆ ಕಷ್ಟವಾಗುವುದೇಕೆ ಎಂಬುದನ್ನು ಮೊದಲು ತಿಳಿಯುವುದು ಲೇಸು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. ‘ಮ’ ಎಂಬ ಅಕ್ಷರದ ಹೆಸರು ‘ಮ’, ಓದುವುದೂ ‘ಮ’. ಇಂಗ್ಲಿಷಿನಲ್ಲಿ ಹೆಸರೇ ಬೇರೆ, ಧ್ವನಿಯೇ ಬೇರೆ. ‘ಎಚ್’ ಎಂಬ ಹೆಸರಿನಲ್ಲಿ ಹಕಾರವಿಲ್ಲ, ‘ಡಬ್ಲ್ಯೂ’ ಎಂಬ ಹೆಸರಿನಲ್ಲಿ ಆ ಅಕ್ಷರದ ಧ್ವನಿಯ ಸುಳಿವೇ ಇಲ್ಲ. ಸಾಲದುದಕ್ಕೆ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆಯನ್ನು ಹೊರಬೇಕಾಗಿದೆ. ಎ ಎಂಬ ಒಂದೇ ಅಕ್ಷರ ‘ಕ್ಯಾಟ್’, ‘ಕೇಕ್’, ‘ಕಾರ್’, ‘ಕಾಲ್’, ‘ಅಬೌಟ್’ ಎಂಬ ಐದು ಪದಗಳಲ್ಲಿ ಐದು ವೇಷ ಧರಿಸುತ್ತದೆ. 2003ರಲ್ಲಿ ಪ್ರಕಟವಾದ, ಯುರೋಪಿನ ಹದಿಮೂರು ಭಾಷೆಗಳ ಮಕ್ಕಳ ಓದನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಒಂದನೆಯ ತರಗತಿಯ ಕೊನೆಗೆ ಹೆಚ್ಚಿನ ಭಾಷೆಗಳ ಮಕ್ಕಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸರಳ ಪದಗಳನ್ನು ಸರಿಯಾಗಿ ಓದುತ್ತಿದ್ದರೆ, ಇಂಗ್ಲಿಷಿನ ಮಕ್ಕಳು ಓದಿದುದು ನೂರಕ್ಕೆ ಮೂವತ್ತನಾಲ್ಕನ್ನು ಮಾತ್ರ. ಅವರು ಸ್ಕಾಟ್ಲೆಂಡಿನ ಮಕ್ಕಳು. ಇಂಗ್ಲಿಷು ಅವರ ಮನೆಮಾತು. ಹೀಗಿರುವಲ್ಲಿ ಮನೆಯಲ್ಲಿ ಕನ್ನಡ, ಮಹಡಿಯ ಮೆಟ್ಟಿಲಲ್ಲಿ ಮರಾಠಿ, ಆಟದ ಬಯಲಿನಲ್ಲಿ ಹಿಂದಿ ಆಡುವ ಮಗು ಎರಡನೆಯ ಇಯತ್ತೆಯಲ್ಲಿ ತಡವರಿಸಿದರೆ ಅದನ್ನು ದಡ್ಡತನವೆಂದು ಕರೆಯುವುದು ಅನ್ಯಾಯವೇ ಸರಿ.

ಈಗಿನ ಶಾಲೆಗಳಲ್ಲಿ ಅಕ್ಷರಗಳ ಧ್ವನಿಗಳನ್ನು ಬಿಡಿಬಿಡಿಯಾಗಿ ಕಲಿಸಿ ಕೂಡಿಸುವ ಪದ್ಧತಿ ಬಳಕೆಗೆ ಬಂದಿದೆ. ಪದ್ಧತಿ ಒಳ್ಳೆಯದೇ. ಆದರೆ ಬಿಡಿ ವ್ಯಂಜನವೆಂಬುದು ಮಗುವಿನ ಕಿವಿಗೆ ಸುಲಭವಾಗಿ ಸಿಕ್ಕುವ ವಸ್ತುವಲ್ಲ. 1974ರಲ್ಲಿ ಅಮೆರಿಕದ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಒಂದೊಂದು ಪದವನ್ನು ಹೇಳಿ, ಅದರಲ್ಲಿರುವ ತುಣುಕುಗಳ ಸಂಖ್ಯೆಯನ್ನು ಮೇಜಿನ ಮೇಲೆ ಬಡಿದು ತೋರಿಸುವಂತೆ ಕೇಳಿದರು. ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಚ್ಚಾರಾಂಶಗಳನ್ನು ಎಣಿಸಬಲ್ಲವರಾಗಿದ್ದರು. ಬಿಡಿಧ್ವನಿಗಳನ್ನು ಎಣಿಸಬಲ್ಲ ಮಗು ಒಂದೂ ಇರಲಿಲ್ಲ. ಒಂದನೆಯ ತರಗತಿ ಮುಗಿಯುವ ವೇಳೆಗೆ ಉಚ್ಚಾರಾಂಶವನ್ನು ನೂರಕ್ಕೆ ತೊಂಬತ್ತು ಮಕ್ಕಳೂ ಬಿಡಿಧ್ವನಿಯನ್ನು ಎಪ್ಪತ್ತು ಮಕ್ಕಳೂ ಎಣಿಸಿದರು. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಕನ್ನಡ ಓದುವ ಮಕ್ಕಳಲ್ಲಿ ಉಚ್ಚಾರಾಂಶದ ಅರಿವು ಬೇಗನೆಯೂ ಬಿಡಿಧ್ವನಿಯ ಅರಿವು ನಿಧಾನವಾಗಿಯೂ ಮೂಡುವುದನ್ನು ತೋರಿಸಿದೆ. ಅಂದಮೇಲೆ ಮಗುವಿಗೆ ಈಗಾಗಲೇ ಸಿಕ್ಕಿರುವ ಹಿಡಿಕೆಯನ್ನು ಬಿಟ್ಟು, ಸಿಗದಿರುವುದರಿಂದಲೇ ಪಾಠವನ್ನು ಆರಂಭಿಸಬೇಕೇಕೆ?

ಈ ಕ್ರಮ ಇಂಗ್ಲಿಷಿಗೆ ಹೊಸತೂ ಅಲ್ಲ. ನೋವಾ ವೆಬ್‌ಸ್ಟರ್ ಎಂಬವರು 1783ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಕಾಗುಣಿತ ಪುಸ್ತಕ ಉಚ್ಚಾರಾಂಶಗಳ ಪಟ್ಟಿಗಳಿಂದ ಆರಂಭವಾಗಿ, ಪದಗಳನ್ನು ತುಂಡರಿಸಿ ಓದಿಸುವ ಕ್ರಮವನ್ನು ಹಿಡಿದಿತ್ತು. ಅದಕ್ಕೂ ಹಿಂದಿನ ಇಂಗ್ಲಿಷ್ ಬಾಲಬೋಧೆಗಳಲ್ಲಿಯೂ ಇಂಥ ಪಟ್ಟಿಗಳಿದ್ದವು. ಬಿ ಎಂಬ ವ್ಯಂಜನಕ್ಕೆ ಐದು ಸ್ವರಗಳನ್ನು ಸರದಿಯಾಗಿ ಸೇರಿಸಿ ಓದುವ ಆ ಪಟ್ಟಿಯನ್ನು ಕಂಡ ಕನ್ನಡಿಗನಿಗೆ ಊರಿನ ಶಾಲೆಯ ‘ಬ ಬಾ ಬಿ ಬೀ’ ನೆನಪಾಗದಿರದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಕಡೆಗಣಿಸಿದರೆ ಕನ್ನಡದ ಅಕ್ಷರಜ್ಞಾನವೇ ಅಡ್ಡಿಯಾಗುತ್ತದೆ. ಬರೆಯುವ ಅಕ್ಷರವೂ ಆಡುವ ಉಚ್ಚಾರಾಂಶವೂ ಯಾವಾಗಲೂ ಒಂದೇ ಅಲ್ಲ. ‘ಅಕ್ಕ’ ಎಂಬ ಪದವನ್ನು ‘ಅ’ ಮತ್ತು ‘ಕ್ಕ’ ಎಂದು ಬರೆಯುತ್ತೇವೆ. ಬಾಯಿ ಆಡುವುದು ‘ಅಕ್’ ಮತ್ತು ‘ಕ’ ಎಂದು. ನಮ್ಮ ಛಂದಶ್ಶಾಸ್ತ್ರಜ್ಞರಿಗೆ ಇದು ಸಾವಿರ ವರ್ಷಗಳಿಂದಲೂ ತಿಳಿದ ವಿಷಯ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದೆಂಬ ನಿಯಮವನ್ನು ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಎಲ್ಲರೂ ಕಲಿತಿದ್ದಾರೆ. ಒತ್ತಿನ ಮೊದಲ ಪಾಲು ಹಿಂದಿನ ಸ್ವರಕ್ಕೆ ಅಂಟಿಕೊಂಡು ಅದನ್ನು ಭಾರವಾಗಿಸುವುದೇ ಅದಕ್ಕೆ ಕಾರಣ ಎಂಬುದನ್ನು ಮಾತ್ರ ಹೆಚ್ಚಿನವರಿಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷಿನ ಪದವನ್ನು ಒಡೆಯುವುದೂ ಹೀಗೆಯೇ. ‘ಪಿಕ್ನಿಕ್’ ಪದವನ್ನು ಕನ್ನಡದ ಬರಹದಂತೆ ‘ಪಿ-ಕ್ನಿ-ಕ್’ ಎಂದು ಒಡೆದರೆ ಮಗು ದಾರಿ ತಪ್ಪುತ್ತದೆ. ‘ಪಿಕ್-ನಿಕ್’ ಎಂದು ಪ್ರಸ್ತಾರದ ಕಿವಿಯಿಂದ ಒಡೆದರೆ ಎರಡೇ ಹೆಜ್ಜೆಗೆ ಪದ ಕೈವಶವಾಗುತ್ತದೆ. ‘ವಿನ್-ಡೋ’, ‘ಪೆನ್-ಸಿಲ್’, ‘ಮ್ಯಾನ್-ಗೋ’, ‘ನ್ಯಾಪ್-ಕಿನ್’ ಎಲ್ಲವೂ ಹೀಗೆಯೇ. ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳು ಬಂದಲ್ಲಿ ಅವುಗಳ ನಡುವೆ ಕತ್ತರಿಸುವುದು ಸಾಮಾನ್ಯ ನಿಯಮ.

ಕನ್ನಡದ ಬಾಯಿಗೆ ಅಂಟಿದ ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಬಸ್ ನಮಗೆ ಬಸ್ಸು, ಬ್ಯಾಟ್ ಬ್ಯಾಟು. ಆಡುಮಾತಿನ ಕನ್ನಡದಲ್ಲಿ ಇದು ದೋಷವಲ್ಲ, ಭಾಷೆಯ ಸ್ವಭಾವ. ಇಂಗ್ಲಿಷ್ ಓದುವಾಗ ಮಾತ್ರ ಗಮನಿಸಬೇಕು. ‘ಬ್ಯಾಟ್’ ಎಂಬುದಕ್ಕೆ ಮಗು ಎಷ್ಟು ಚಪ್ಪಾಳೆ ತಟ್ಟುತ್ತದೆ ನೋಡಿ. ಎರಡು ತಟ್ಟಿದರೆ ಅದರ ಕಿವಿಯಲ್ಲಿ ಕೊನೆಯ ಉಕಾರ ಕುಳಿತಿದೆಯೆಂದು ತಿಳಿಯಬಹುದು. ಅಂಗೈಯನ್ನು ಗಲ್ಲದ ಕೆಳಗೆ ಹಿಡಿದು ಪದವನ್ನು ನಿಧಾನವಾಗಿ ಹೇಳಿಸಿದರೆ, ದವಡೆ ಎಷ್ಟು ಸಲ ಕೆಳಗಿಳಿಯಿತೋ ಅಷ್ಟು ಉಚ್ಚಾರಾಂಶಗಳೆಂಬುದು ಮಗುವಿಗೆ ತಾನಾಗಿ ಗೊತ್ತಾಗುತ್ತದೆ. ಅಂತೆಯೇ ಇಂಗ್ಲಿಷಿನ ಜೋಡಿ ವ್ಯಂಜನ ಕನ್ನಡದ ಒತ್ತಿನಂತಲ್ಲ. ‘ಡಿನರ್’ ಪದದಲ್ಲಿ ಎನ್ ಎರಡು ಸಲ ಬಂದಿರುವುದು ‘ಡಿನ್ನರ್’ ಎಂದು ಒತ್ತಿ ಹೇಳಲೆಂದಲ್ಲ. ಹಿಂದಿನ ಸ್ವರವನ್ನು ಹ್ರಸ್ವವಾಗಿ ಉಳಿಸಲೆಂದು. ಒಂದೇ ಎನ್ ಇದ್ದರೆ ಅದು ‘ಡೈನರ್’ ಆಗಿ ಊಟ ಹೋಗಿ ಊಟ ಮಾಡುವವನು ಬರುತ್ತಾನೆ. ಬರಹದಲ್ಲಿ ‘ರ‍್ಯಾಬ್-ಬಿಟ್’ ಎಂದು ಒಡೆಯಬೇಕು, ನುಡಿಯುವಾಗ ‘ರ‍್ಯಾಬಿಟ್’ ಎಂದು ಹಗುರಾಗಿ ಕೂಡಿಸಬೇಕು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಇಂಗ್ಲಿಷ್ ಉಚ್ಚಾರಾಂಶಗಳನ್ನು ಬೋಧಕರು ಆರು ಬಗೆಯಾಗಿ ವಿಂಗಡಿಸುತ್ತಾರೆ. ಆರನ್ನೂ ಮಗುವಿಗೆ ಪಟ್ಟಿ ಮಾಡಿ ಒಪ್ಪಿಸಬೇಕಾದುದಿಲ್ಲ. ಮೊದಲೆರಡು ಗಟ್ಟಿಯಾದರೆ ಅರ್ಧ ದಾರಿ ಸಾಗಿದಂತೆಯೇ. ಸ್ವರದ ಹಿಂದೆ ವ್ಯಂಜನವೊಂದು ಬಾಗಿಲು ಮುಚ್ಚಿದರೆ ಸ್ವರ ಹ್ರಸ್ವವಾಗುತ್ತದೆ: ‘ಗಾಟ್’, ‘ಮೆನ್’, ‘ಹಿಟ್’. ಅದೇ ವ್ಯಂಜನವನ್ನು ಬೆರಳಿನಿಂದ ಮರೆಮಾಡಿದರೆ ಬಾಗಿಲು ತೆರೆದು ಸ್ವರ ತನ್ನ ಅಕ್ಷರದ ಹೆಸರನ್ನೇ ಕೂಗುತ್ತದೆ: ‘ಗೋ’, ‘ಮೀ’, ‘ಹಾಯ್’. ರಟ್ಟಿನ ತುಂಡೊಂದನ್ನು ಬಾಗಿಲಿನಂತೆ ಮಡಿಸಿ, ಕೊನೆಯ ವ್ಯಂಜನವನ್ನು ಅದರ ಮೇಲೆ ಬರೆದು, ತೆರೆದು ಮುಚ್ಚಿ ಓದಿಸಿದರೆ ಐದು ವರ್ಷದ ಮಗುವೂ ನಗುತ್ತ ಕಲಿಯುತ್ತದೆ. ಪದದ ಕೊನೆಯಲ್ಲಿ ಮೌನವಾಗಿ ಕುಳಿತ ಇ ಮೂರನೆಯ ಬಗೆ. ತಾನು ಮಾತನಾಡದೆ ಹಿಂದಿನ ಸ್ವರದಿಂದ ಮಾತನಾಡಿಸುವ ಈ ಅಕ್ಷರ ‘ಕ್ಯಾಪ್’ ಅನ್ನು ‘ಕೇಪ್’ ಆಗಿಯೂ ‘ಕಿಟ್’ ಅನ್ನು ‘ಕೈಟ್’ ಆಗಿಯೂ ಮಾಡುತ್ತದೆ. ಜೋಡಿ ಸ್ವರಗಳ ‘ರೇನ್’, ‘ಬೋಟ್’, ಆರ್ ಅಕ್ಷರ ಸೇರಿದ ‘ಕಾರ್’, ‘ಬರ್ಡ್’, ಕೊನೆಗೆ ‘ಟೇಬಲ್’, ‘ಆ್ಯಪಲ್’ ಮೊದಲಾದುವುಗಳಲ್ಲಿ ಬರುವ ಎಲ್-ಇ ಜೋಡಿ, ಇವು ಉಳಿದ ಮೂರು. ಇವನ್ನು ಕಥೆಗಳಲ್ಲಿ ಎದುರಾದಂತೆ ಪರಿಚಯಿಸಿದರೆ ಸಾಕು.

ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದಾಗ ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ ಇಂಗ್ಲಿಷಿನ ನಿಜವಾದ ಕವಲುದಾರಿ. ‘ಟೈ-ಗರ್’, ‘ಪೇ-ಪರ್’, ‘ಮ್ಯೂ-ಸಿಕ್’ ಪದಗಳಲ್ಲಿ ಕತ್ತರಿ ವ್ಯಂಜನಕ್ಕೆ ಮೊದಲು ಬೀಳುತ್ತದೆ, ಬಾಗಿಲು ತೆರೆದಿರುತ್ತದೆ. ‘ಕ್ಯಾಮ್-ಅಲ್’, ‘ಲೆಮ್-ಅನ್’, ‘ರಿವ್-ಅರ್’ ಪದಗಳಲ್ಲಿ ವ್ಯಂಜನದ ಬಳಿಕ ಬೀಳುತ್ತದೆ. ಯಾವುದು ಎಲ್ಲಿ ಎಂಬುದನ್ನು ಕಣ್ಣಿನಿಂದ ಮಾತ್ರ ನಿರ್ಧರಿಸಲಾಗದು. ಮಗು ಮೊದಲು ಬಾಗಿಲು ತೆರೆದು ‘ಲೀ-ಮನ್’ ಎಂದು ಓದುತ್ತದೆ, ಅಂಥ ಪದ ತಾನು ಕೇಳಿದ್ದಿಲ್ಲವಲ್ಲ ಎಂದು ತಡೆಯುತ್ತದೆ, ಬಾಗಿಲು ಮುಚ್ಚಿ ‘ಲೆಮ್-ಅನ್’ ಎನ್ನುತ್ತದೆ, ಆಗ ಅದರ ಮುಖ ಅರಳುತ್ತದೆ. ಈ ಅರಳುವಿಕೆಗೆ ಒಂದು ಷರತ್ತುಂಟು. ‘ಲೆಮನ್’ ಎಂಬ ಪದ ಮೊದಲೇ ಅದರ ಕಿವಿಗೆ ಬಿದ್ದಿರಬೇಕು. ಕಿವಿ ಅರಿಯದ ಪದವನ್ನು ನಾಲಗೆ ಎಷ್ಟು ಸಲ ಒಡೆದು ಕೂಡಿಸಿದರೂ ಒಳಗೆ ದೀಪ ಹತ್ತುವುದಿಲ್ಲ. ಮನೆಮಾತು ಇಂಗ್ಲಿಷಲ್ಲದ ಮಗು ನಿಲ್ಲುವುದು ಅನೇಕ ವೇಳೆ ಇಲ್ಲಿ. ಶಾಲೆ ಅದನ್ನು ಓದಿನ ದೋಷವೆಂದು ಎಣಿಸುತ್ತದೆ, ಇರುವುದು ಪದಗಳ ಬಡತನ.

ಮುಂಬಯಿಯ ಕನ್ನಡಿಗರಿಗೆ ರೈಲ್ವೆ ಒಂದು ಉಚಿತ ಪಾಠಶಾಲೆಯನ್ನು ತೆರೆದಿಟ್ಟಿದೆ. ನಿಲ್ದಾಣಗಳ ಫಲಕಗಳಲ್ಲಿ ಹೆಸರು ದೇವನಾಗರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತದೆ. ಮಗುವಿಗೆ ಆ ಹೆಸರು ಮೊದಲೇ ಬಾಯಲ್ಲಿದೆ. ದಾದರಿನಿಂದ ಠಾಣೆಯವರೆಗಿನ ಪಯಣದಲ್ಲಿ ‘ದಾ-ದರ್’, ‘ಮಾ-ಟುಂ-ಗಾ’, ‘ಕುರ್-ಲಾ’, ‘ಘಾಟ್-ಕೋ-ಪರ್’, ‘ಭಾಂ-ಡುಪ್’ ಎಂದು ತುಣುಕು ತುಣುಕಾಗಿ ಓದುತ್ತ ಹೋದರೆ, ಉದ್ದನೆಯ ಪದವೂ ಚಿಕ್ಕ ಚಿಕ್ಕ ಗಂಟುಗಳ ಸಾಲು ಎಂಬ ಧೈರ್ಯ ಮೂಡುತ್ತದೆ. ನಮ್ಮ ಊರುಗಳ ಹೆಸರುಗಳಲ್ಲಿ ಸ್ವರಗಳು ಭಾರತೀಯ ಬೆಲೆಯಲ್ಲಿಯೇ ಇರುತ್ತವೆ, ಇಂಗ್ಲಿಷಿನ ನಿಯಮಕ್ಕೆ ಒಗ್ಗುವುದಿಲ್ಲ ಎಂಬುದು ನಿಜ. ಠಾಣೆಯ ಇಂಗ್ಲಿಷ್ ಬರಹವನ್ನು ಮೌನ ಇಕಾರದ ನಿಯಮದಂತೆ ಓದಿದರೆ ‘ಥೇನ್’ ಎಂದಾಗಿ ಊರಿನವರೆಲ್ಲ ನಕ್ಕಾರು. ಆದರೆ ನಡುವೆ ಬರುವ ಸಾಯನ್ ನಿಲ್ದಾಣವನ್ನು ಕಡೆಗಣಿಸಬಾರದು. ಎಸ್-ಐ ಎಂಬಲ್ಲಿ ಬಾಗಿಲು ತೆರೆದು ‘ಸಾಯ್’, ಬಳಿಕ ‘ಅನ್’. ‘ಲಯನ್’ ಪದವೂ ಇದೇ ಎರಕದ್ದು. ದೇವನಾಗರಿಯ ಹೆಸರು ಅಲ್ಲಿ ‘ಶೀವ್’ ಎಂದು ಬೇರೆಯೇ ಇರುವುದನ್ನು ಚುರುಕು ಮಗು ತಾನೇ ಕಂಡುಹಿಡಿದು ಪ್ರಶ್ನೆ ಕೇಳಿದರೆ, ಆ ದಿನದ ಪಾಠ ಫಲಿಸಿದಂತೆ. ಚೆನ್ನೈನವರಿಗೆ ‘ಎಗ್-ಮೋರ್’ ಇದೆ, ಅದರಲ್ಲಿ ಮುಚ್ಚಿದ ಬಾಗಿಲೂ ಉಂಟು, ಮೌನ ಇಕಾರವೂ ಉಂಟು. ಪುಣೆಯವರು ‘ಶಿ-ವಾ-ಜಿ-ನ-ಗರ್’ ಎಂದು ಐದು ಬೆರಳು ಮಡಿಸಬಹುದು.

ಕಥೆಯ ಪಾತ್ರ

ತುಣುಕುಗಳನ್ನು ಒಡೆಯುವ ಅಭ್ಯಾಸವೊಂದೇ ಓದಾಗದು. ಕಲ್ಲು ಒಡೆಯುವವನೆಲ್ಲ ಮನೆ ಕಟ್ಟಲಾರ. ಹತ್ತು ನಿಮಿಷದ ತುಣುಕಿನ ಆಟವಾದ ಕೂಡಲೇ, ಅವೇ ತುಣುಕುಗಳು ಬರುವ ಪುಟ್ಟ ಕಥೆಯೊಂದು ಮಗುವಿನ ಕೈಗೆ ಸಿಗಬೇಕು. ಇಂಥ ಕಥೆಯನ್ನು ಮನೆಯಲ್ಲಿಯೇ ರಚಿಸುವುದು ಅಷ್ಟೇನೂ ಕಷ್ಟವಲ್ಲ. ಒಂದು ಮಾದರಿ: ‘ಎ ಹೆನ್ ಸ್ಯಾಟ್ ಇನ್ ಎ ಬಾಕ್ಸ್. ಎ ಕ್ಯಾಟ್ ಸ್ಯಾಟ್ ಆನ್ ದ ಬಾಕ್ಸ್. ದ ಕ್ಯಾಟ್ ಡಿಡ್ ನಾಟ್ ಗೆಟ್ ಅಪ್. ದ ಹೆನ್ ಡಿಡ್ ನಾಟ್ ಗೆಟ್ ಅಪ್. ದ ಸನ್ ಗಾಟ್ ಹಾಟ್. ದ ಕ್ಯಾಟ್ ಗಾಟ್ ಅಪ್ ಆ್ಯಂಡ್ ರ‍್ಯಾನ್. ದ ಹೆನ್ ಹ್ಯಾಡ್ ಸಿಕ್ಸ್ ಎಗ್ಸ್.’ ಇಲ್ಲಿ ‘ದ’ ಮತ್ತು ‘ಎ’ ಎಂಬ ಎರಡನ್ನು ಬಿಟ್ಟರೆ ಉಳಿದುವೆಲ್ಲ ಮುಚ್ಚಿದ ಬಾಗಿಲಿನ ಒಂಟಿ ಉಚ್ಚಾರಾಂಶಗಳೇ. ಆದರೂ ಇದರಲ್ಲಿ ಹಠವಿದೆ, ಸ್ಪರ್ಧೆಯಿದೆ, ಕೋಳಿ ಏಕೆ ಏಳಲಿಲ್ಲವೆಂಬ ಗುಟ್ಟು ಕೊನೆಯ ಸಾಲಿನವರೆಗೆ ಕಾಯುತ್ತದೆ. ಮುಂದಿನ ವಾರ ಬೆಕ್ಕಿನ ಬದಲು ‘ಕಿಟನ್’, ಪೆಟ್ಟಿಗೆಯ ಬದಲು ‘ಬಾಸ್ಕೆಟ್’ ಎಂದು ಬದಲಾಯಿಸಿದರೆ ಎರಡು ತುಣುಕಿನ ಪದಗಳಿಗೆ ಮೆಟ್ಟಿಲಾಯಿತು. ಡಾಕ್ಟರ್ ಸ್ಯೂಸ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಅಮೆರಿಕದ ಲೇಖಕರು 1957ರಲ್ಲಿ ‘ದ ಕ್ಯಾಟ್ ಇನ್ ದ ಹ್ಯಾಟ್’ ಎಂಬ ಪುಸ್ತಕವನ್ನು ಕೇವಲ 236 ಬೇರೆ ಬೇರೆ ಪದಗಳಿಂದ ರಚಿಸಿದರು; ಅವುಗಳಲ್ಲಿ 221 ಒಂದೇ ಉಚ್ಚಾರಾಂಶದವು, ಮೂರು ಉಚ್ಚಾರಾಂಶವುಳ್ಳದ್ದು ‘ಅನದರ್’ ಒಂದೇ. ಮಕ್ಕಳು ಅದನ್ನು ಪಾಠವೆಂದು ಓದಲಿಲ್ಲ, ಬೆಕ್ಕಿನ ಪುಂಡಾಟಕ್ಕಾಗಿ ಓದಿದರು.

ಕೊಂಡು ಓದಿಸುವವರಿಗೆ 1957ರಲ್ಲಿ ಶಂಕರ್ ಅವರು ದಿಲ್ಲಿಯಲ್ಲಿ ಸ್ಥಾಪಿಸಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟಿನ ಪುಸ್ತಕಗಳೂ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಮಾಲೆಯೂ ಉಂಟು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ಒಂದೇ ಕಥೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒದಗಿಸುತ್ತದೆ. ಹೊರನಾಡಿನ ಮನೆಗಳಿಗೆ ಇದು ವಿಶೇಷವಾಗಿ ಉಪಯುಕ್ತ. ಏಕೆಂದರೆ ಕಥೆಯನ್ನು ಮೊದಲು ಕನ್ನಡದಲ್ಲಿ ಬಾಯಾರೆ ಹೇಳುವುದೇ ಸರಿಯಾದ ಕ್ರಮ. ಹುಲಿ ಬಂತು, ಹಸು ಮಾತು ಕೊಟ್ಟಿತು, ಕರು ಕಾಯುತ್ತಿತ್ತು ಎಂಬುದೆಲ್ಲ ಮೊದಲೇ ತಿಳಿದಿದ್ದರೆ, ಇಂಗ್ಲಿಷ್ ಪುಟದಲ್ಲಿ ಮಗು ಹುಡುಕುವುದು ಧ್ವನಿಯನ್ನು ಮಾತ್ರ. ಅರ್ಥ ಬೆನ್ನ ಹಿಂದೆ ನಿಂತು ಕೈಹಿಡಿದು ನಡೆಸುತ್ತದೆ. ‘ಮನೆಯಲ್ಲಿ ಇಂಗ್ಲಿಷನ್ನೇ ಆಡಿ’ ಎಂಬ ಸಲಹೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಕಥೆ ಕೇಳುವುದು, ಮುಂದೇನಾಯಿತೆಂದು ಊಹಿಸುವುದು, ಕಾರಣ ಹೇಳುವುದು ಇವೆಲ್ಲ ಒಂದು ಭಾಷೆಯಲ್ಲಿ ಬೆಳೆದರೆ ಇನ್ನೊಂದು ಭಾಷೆಗೂ ಒದಗಿಬರುವ ಶಕ್ತಿಗಳು. ಅವು ಬೆಳೆಯಬೇಕಾದರೆ ಹಿರಿಯರು ತಮಗೆ ಹೃದಯದಿಂದ ಬರುವ ಭಾಷೆಯಲ್ಲಿ ಮಾತನಾಡಬೇಕು.

ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿಸುವುದಕ್ಕೆ ಹಿಂಜರಿಯಬಾರದು. 1979ರಲ್ಲಿ ಅಮೆರಿಕದ ಜೇ ಸ್ಯಾಮ್ಯುಯೆಲ್ಸ್ ಅವರು ಈ ಪುನರ್ವಾಚನ ಕ್ರಮವನ್ನು ವಿವರಿಸುತ್ತ, ಚಿಕ್ಕ ಭಾಗವೊಂದನ್ನು ಹಲವು ಸಲ ಓದಿದ ಮಕ್ಕಳ ವೇಗ ಹೆಚ್ಚಿ ತಪ್ಪುಗಳು ಕಡಿಮೆಯಾದುದನ್ನೂ, ಮುಂದಿನ ಭಾಗಗಳಿಗೆ ಅಷ್ಟು ಸಲದ ಓದು ಬೇಕಾಗದೆ ಹೋದುದನ್ನೂ ತೋರಿಸಿಕೊಟ್ಟರು. 2000ದಲ್ಲಿ ವರದಿ ಒಪ್ಪಿಸಿದ ಅಲ್ಲಿನ ರಾಷ್ಟ್ರೀಯ ವಾಚನ ಮಂಡಲಿಯೂ, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ತಿದ್ದುತ್ತ ಗಟ್ಟಿಯಾಗಿ ಓದಿಸುವುದು ಫಲಕಾರಿ ಎಂದು ನಿರ್ಣಯಿಸಿತು. ತಿದ್ದುವ ರೀತಿಯಲ್ಲಿಯೇ ಎಲ್ಲವೂ ಅಡಗಿದೆ. ಮಗು ತಡೆದಾಗ ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು. ಬಳಿಕ ಪದದ ಎರಡನೆಯ ತುಣುಕನ್ನು ಬೆರಳಿನಿಂದ ಮರೆಮಾಡಿ ಮೊದಲನೆಯದನ್ನು ಮಾತ್ರ ಕಾಣಿಸಬೇಕು. ಅದು ಬಂದ ಮೇಲೆ ಬೆರಳು ಸರಿಸಬೇಕು. ಆಗಲೂ ಬಾರದಿದ್ದರೆ ಪದವನ್ನು ಹೇಳಿಬಿಡಬೇಕು, ಪರೀಕ್ಷೆಗಿಡಬಾರದು. ವಾಕ್ಯ ಮುಗಿದ ಬಳಿಕ ಅದನ್ನು ಮೊದಲಿನಿಂದ ಒಂದೇ ಉಸಿರಿನಲ್ಲಿ ಓದಿಸಬೇಕು, ಇಲ್ಲವಾದರೆ ತುಣುಕುಗಳು ತುಣುಕುಗಳಾಗಿಯೇ ಉಳಿಯುತ್ತವೆ. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಸರಿಸಮನಾದ ಮರ್ಯಾದೆ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶ ಯಜಮಾನನಂತೆ ಎದ್ದು ನಿಲ್ಲುತ್ತದೆ, ಉಳಿದುವು ತಲೆ ತಗ್ಗಿಸುತ್ತವೆ. ‘ಬನಾನ’ ಪದದಲ್ಲಿ ನಡುವಿನದು ಮಾತ್ರ ಪೂರ್ಣ ಧ್ವನಿಯದು, ಅಕ್ಕಪಕ್ಕದವು ಅಸ್ಪಷ್ಟ ಅಕಾರಗಳು. ತಾಯಿತಂದೆಗಳ ಉಚ್ಚಾರದಲ್ಲಿ ಊರಿನ ಸೊಗಡಿದ್ದರೆ ಅದರಿಂದ ಮಗುವಿನ ಓದು ಕೆಡುವುದಿಲ್ಲ. ಶಾಲೆಯಲ್ಲಿಯೂ ಗೆಳೆಯರ ನಡುವೆಯೂ ಕೇಳಿದುದನ್ನು ಅದು ತಾನಾಗಿ ಹೊಂದಿಸಿಕೊಳ್ಳುತ್ತದೆ. ಕೆಡುವುದು ಗದರಿಕೆಯಿಂದ.

ಕಿವಿ, ಕಣ್ಣು ಮತ್ತು ಇತರ ಕಾರಣಗಳು

ಎಷ್ಟು ಅಕ್ಕರೆಯಿಂದ ಕಲಿಸಿದರೂ ಓದು ಮುಂದುವರಿಯದಿದ್ದರೆ ಮೊದಲು ನೋಡಬೇಕಾದುದು ಕಿವಿಯನ್ನು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿದಮಟೆಯ ಹಿಂದೆ ದ್ರವ ಸಂಗ್ರಹವಾಗಿ ಶ್ರವಣ ಮಂದವಾಗುವುದುಂಟು. ನೋವಿಲ್ಲದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಒಂದು ವಾರ ಚೆನ್ನಾಗಿ ಕೇಳಿಸಿದರೆ ಇನ್ನೊಂದು ವಾರ ಕೇಳಿಸದು. ಇಂಥ ಮಗುವಿಗೆ ಎಸ್, ಎಫ್ ಮೊದಲಾದ ಕ್ಷೀಣ ವ್ಯಂಜನಗಳ ವ್ಯತ್ಯಾಸ ತಿಳಿಯುವುದಿಲ್ಲ. ಟೆಲಿವಿಷನ್ನಿನ ಧ್ವನಿ ಏರಿಸುವುದು, ಹಿಂದಿನಿಂದ ಕರೆದರೆ ಓಗೊಡದಿರುವುದು ಇದರ ಸೂಚನೆಗಳು. ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿದರೆ ಬಹುಮಟ್ಟಿಗೆ ಗುಣವಾಗುವ ತೊಂದರೆ ಇದು. ಸಾಲುಗಳನ್ನು ಬಿಟ್ಟು ಓದುವುದು, ಪುಸ್ತಕವನ್ನು ಮೂಗಿಗೆ ತಾಗಿಸಿಕೊಳ್ಳುವುದು, ಓದಿದ ಬಳಿಕ ತಲೆನೋವೆನ್ನುವುದು ಕಂಡರೆ ಕಣ್ಣಿನ ಪರೀಕ್ಷೆ ಅವಶ್ಯ.

ಕಿವಿ ಕಣ್ಣುಗಳೆರಡೂ ಸರಿಯಿದ್ದು, ಬುದ್ಧಿಯೂ ಚುರುಕಾಗಿದ್ದು, ಏಳೆಂಟು ವರ್ಷಗಳಾದರೂ ಧ್ವನಿ ಮತ್ತು ಅಕ್ಷರಗಳ ನಂಟು ಕೂಡದಿದ್ದರೆ ಅದು ಡಿಸ್ಲೆಕ್ಸಿಯಾ ಆಗಿರಬಹುದು. ಇದು ಸೋಮಾರಿತನವಲ್ಲ, ಪಾಲಕರ ತಪ್ಪೂ ಅಲ್ಲ. ಅನೇಕ ವೇಳೆ ವಂಶದಲ್ಲಿ ಹರಿದುಬರುವ, ಮೆದುಳಿನ ಭಾಷಾಕಾರ್ಯಕ್ಕೆ ಸಂಬಂಧಿಸಿದ ಸ್ಥಿತಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಪರೀಕ್ಷಿಸುವ ತಜ್ಞರಿಗೆ ಮನೆಮಾತು ಕನ್ನಡವೆಂಬುದನ್ನು ಮೊದಲೇ ತಿಳಿಸಬೇಕು. ಮಗು ಕನ್ನಡದ ಪದಗಳನ್ನು ತುಣುಕಾಗಿ ಒಡೆಯಬಲ್ಲುದೇ, ಕನ್ನಡದ ಪ್ರಾಸವನ್ನು ಗುರುತಿಸಬಲ್ಲುದೇ ಎಂಬುದನ್ನು ನೋಡದೆ ಇಂಗ್ಲಿಷ್ ಪರೀಕ್ಷೆಯೊಂದರಿಂದಲೇ ತೀರ್ಮಾನಕ್ಕೆ ಬಂದರೆ, ಭಾಷೆಯ ಅಪರಿಚಯವನ್ನು ನ್ಯೂನತೆಯೆಂದು ಎಣಿಸುವ ಅಪಾಯವಿದೆ. ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವಿಚಾರಿಸಬಹುದು. ಉಗ್ಗುವ ಮಗುವಿಗೆ ಮಾತ್ರ ಪದವನ್ನು ಮುಂದಾಗಿ ಹೇಳಿ ಮುಗಿಸಿಕೊಡಬಾರದು. ಹಿರಿಯರು ಅದರೊಡನೆ ಸೇರಿ ಒಟ್ಟಿಗೆ ಓದಿದರೆ ಉಗ್ಗು ಬಹುಮಟ್ಟಿಗೆ ಸಡಿಲವಾಗುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಊಟಕ್ಕೆ ಮುಂಚೆ, ಮಗು ಹಸಿದು ದಣಿಯುವ ಮೊದಲು ಮುಗಿಸುವುದು ಒಳ್ಳೆಯದು. ವಾರಕ್ಕೊಮ್ಮೆಯಾದರೂ, ಚೆನ್ನಾಗಿ ಅಭ್ಯಾಸವಾದ ಕಥೆಯೊಂದನ್ನು ಇಂಗ್ಲಿಷ್ ಬಾರದ ಅಜ್ಜಿಯ ಮುಂದೆ ಓದಿಸಬೇಕು. ಅಜ್ಜಿಗೆ ತಪ್ಪು ತಿಳಿಯದು, ಆದುದರಿಂದ ಮಗುವಿಗೆ ಹೆದರಿಕೆಯಿಲ್ಲ. ಪ್ರತಿ ಪುಟ ಮುಗಿದಾಗ ಅಜ್ಜಿ ‘ಏನಾಯಿತಂತೆ ಮಗಾ?’ ಎಂದು ಕೇಳುತ್ತಾರೆ. ಮಗು ಕೋಳಿಯ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಪದಗಳನ್ನು ಓದಿತೋ ಕಥೆಯನ್ನು ಓದಿತೋ ಎಂಬುದು ಆ ಉತ್ತರದಲ್ಲಿ ತಿಳಿಯುತ್ತದೆ.